ಫೋಟೋಶಾಪ್ ತೆವಳುತ್ತಿದೆಯಾ? ರ‍್ಯಾಮ್ ಕೊಳ್ಳುವ ಮೊದಲು ಇಷ್ಟು ನೋಡಿ

ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಮದುವೆ ಆಲ್ಬಂ ಡಿಸೈನ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಸೀಸನ್ ಬಂತೆಂದರೆ ಅವರ ಫೋನ್ ಹೀಗೇ ಶುರುವಾಗುತ್ತದೆ: "ಅಣ್ಣಾ, ಫೋಟೋಶಾಪ್ ಭಾಳ ಸ್ಲೋ ಆಗೇತಿ. ಇನ್ನೊಂದು ರ‍್ಯಾಮ್ ಹಾಕಿಸಿಬಿಡ್ಲಾ?" ಏನು ಕೆಟ್ಟಿದೆ ಅಂತ ಗೊತ್ತಾಗುವ ಮೊದಲೇ ಏನು ಕೊಳ್ಳಬೇಕು ಅಂತ ತೀರ್ಮಾನ ಆಗಿರುತ್ತದೆ. ರ‍್ಯಾಮ್ ಹಾಕಿಸಿದರೆ ಕೆಲವರಿಗೆ ನಿಜವಾಗಿಯೂ ಸರಿಹೋಗುತ್ತದೆ. ಉಳಿದವರಿಗೆ ದುಡ್ಡು ಹೋಗುತ್ತದೆ, ಕಂಪ್ಯೂಟರ್ ಹಂಗೇ ಇರುತ್ತದೆ.

ಸ್ಲೋ ಅನ್ನುವುದು ಒಂದೇ ದೋಷ ಅಲ್ಲ. ರ‍್ಯಾಮ್ ಸಾಲದೆ ಇರಬಹುದು, ಡಿಸ್ಕ್ ನಿಧಾನ ಇರಬಹುದು, ಗ್ರಾಫಿಕ್ಸ್ ಕಾರ್ಡ್ ಕೆಲಸಕ್ಕೇ ಬರದೆ ಕೂತಿರಬಹುದು, ಪ್ರೊಸೆಸರ್ ಕಾದು ತನ್ನ ವೇಗ ತಾನೇ ಇಳಿಸಿಕೊಂಡಿರಬಹುದು. ಇದರಲ್ಲಿ ಯಾವುದು ಅಂತ ಕಂಪ್ಯೂಟರೇ ಹೇಳುತ್ತದೆ. ಆದರೆ ಅದು ಒದ್ದಾಡುತ್ತಿರುವ ಹೊತ್ತಿನಲ್ಲೇ ನೋಡಬೇಕು. ರಿಸ್ಟಾರ್ಟ್ ಮಾಡಿ ಆಮೇಲೆ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ.

ವಿಂಡೋಸ್ 10 ಅಥವಾ 11 ಇರುವ ಮನೆ ಕಂಪ್ಯೂಟರ್, ಅದರಲ್ಲಿ ಫೋಟೋಶಾಪ್ ಇದೆ ಅಂತ ಇಟ್ಟುಕೊಂಡು ಬರೆದಿದ್ದೇನೆ. ಫೋಟೋ ಎಡಿಟ್ ಮಾಡುವ ಇನ್ನೆರಡು ಸಾಫ್ಟ್‌ವೇರ್ ಲೈಟ್‌ರೂಮ್ ಮತ್ತು ಗಿಂಪ್ ವಿಚಾರ ಕೊನೆಯ ಕಡೆಗಿದೆ.

ಯಾವ ಕೆಲಸದಲ್ಲಿ ನಿಧಾನ?

ಮೊದಲು ಒಂದು ದಿನ ಸುಮ್ನೆ ಗಮನಿಸಿ. ಸಾಫ್ಟ್‌ವೇರ್ ಓಪನ್ ಆಗುವುದೇ ತಡವೋ, ಓಪನ್ ಆದಮೇಲೆ ಚೆನ್ನಾಗಿ ಓಡುತ್ತದೋ? ಹಾಗಿದ್ದರೆ ಡಿಸ್ಕ್, ಫಾಂಟ್, ಪ್ಲಗಿನ್ ಈ ಮೂರರ ಕಡೆ ನೋಡಬೇಕು. ಫೈಲ್ ಓಪನ್ ಮಾಡುವಾಗ ಮತ್ತು ಸೇವ್ ಮಾಡುವಾಗ ಮಾತ್ರ ಕಾಯಿಸುತ್ತದೆ ಅಂದರೆ ಡಿಸ್ಕ್ ಅಥವಾ ಯುಎಸ್‌ಬಿ. ಬ್ರಷ್ ಎಳೆದರೆ ಗೆರೆ ಹಿಂದೆ ಹಿಂದೆ ಬರುತ್ತದೆ, ಜೂಮ್ ಮಾಡಿದರೆ ಚಿತ್ರ ತುಂಡು ತುಂಡಾಗಿ ಮೂಡುತ್ತದೆ ಅಂದರೆ ಗ್ರಾಫಿಕ್ಸ್ ಮೇಲೆ ಅನುಮಾನ.

ಬೆಳಿಗ್ಗೆ ಚೆನ್ನಾಗಿದ್ದು ಸ್ವಲ್ಪ ಹೊತ್ತಿನ ಮೇಲೆ ತೆವಳುವುದಕ್ಕೆ ಎರಡು ಕಾರಣ ಇರುತ್ತವೆ. ಎರಡೂ ಮೇಲ್ನೋಟಕ್ಕೆ ಒಂದೇ ತರ ಕಾಣುತ್ತವೆ. ಫೋಟೋಶಾಪನ್ನು ಪೂರ್ತಿ ಕ್ಲೋಸ್ ಮಾಡಿ ತಕ್ಷಣ ಮತ್ತೆ ಓಪನ್ ಮಾಡಿ. ವೇಗ ವಾಪಸ್ ಬಂದರೆ ರ‍್ಯಾಮ್ ತುಂಬಿತ್ತು ಅಂತ ಅರ್ಥ. ಬರಲಿಲ್ಲ, ಆದರೆ ಊಟ ಮುಗಿಸಿ ಬಂದು ಕೂತಾಗ ಸರಿಯಾಗಿದೆ ಅಂದರೆ ಶಾಖ.

ಇನ್ನೊಂದು ವಿಚಿತ್ರ ದೂರು ಇದೆ. ಕೆಲಸ ಚೆನ್ನಾಗೇ ನಡೆಯುತ್ತಿರುತ್ತದೆ, ಆಗಾಗ ಗಕ್ಕನೆ ನಿಂತು ಮತ್ತೆ ಹೊರಡುತ್ತದೆ. ಗಡಿಯಾರ ಇಟ್ಟುಕೊಂಡು ನೋಡಿ. ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಮ್ಮೆ ಹಾಗಾಗುತ್ತಿದ್ದರೆ ಅದು ಆಟೋ ಸೇವ್. ಫೋಟೋಶಾಪ್ ತಾನಾಗಿಯೇ 10 ನಿಮಿಷಕ್ಕೊಮ್ಮೆ ರಿಕವರಿ ಪ್ರತಿ ಬರೆದಿಡುತ್ತದೆ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಇದ್ದರೆ ಅದು ಗೊತ್ತೇ ಆಗುವುದಿಲ್ಲ, ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಗೊತ್ತಾಗುತ್ತದೆ. ಪ್ರಿಫರೆನ್ಸಸ್‌ನ ಫೈಲ್ ಹ್ಯಾಂಡ್ಲಿಂಗ್‌ನಲ್ಲಿ ಅವಧಿ ಜಾಸ್ತಿ ಮಾಡಬಹುದು. ಪೂರ್ತಿ ಆಫ್ ಮಾಡಬೇಡಿ. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ, ಅಲ್ವಾ?

ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿರಲಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಅನ್ನುವ ಕಡೆ ಹೋಗಿ. ಸಿಪಿಯು, ಮೆಮೊರಿ, ಡಿಸ್ಕ್, ಜಿಪಿಯು ಒಂದರ ಕೆಳಗೊಂದು ಕಾಣುತ್ತವೆ. ಅದನ್ನು ಪರದೆಯ ಒಂದು ಮೂಲೆಯಲ್ಲಿ ಇಟ್ಟುಕೊಂಡು ಎಂದಿನ ಕೆಲಸ ಮಾಡಿ. ಫೋಟೋಶಾಪ್ ಒದ್ದಾಡಿದ ತಕ್ಷಣ ಕಣ್ಣು ಅಲ್ಲಿಗೆ ಹೋಗಲಿ. ಯಾವ ಗೆರೆ ಮೇಲಕ್ಕೆ ಅಂಟಿಕೊಂಡು ನಿಂತಿದೆ?

ಮೆಮೊರಿ ತೊಂಬತ್ತು ಶೇಕಡಾ ದಾಟಿ, ಅದರ ಜೊತೆಗೇ ಡಿಸ್ಕ್ ಕೂಡ ನೂರಕ್ಕೆ ಏರಿದ್ದರೆ ದೋಷ ರ‍್ಯಾಮ್‌ನದು. ಡಿಸ್ಕ್ ಸುಮ್ನೆ ಅದರ ಕೂಲಿ ಮಾಡುತ್ತಿದೆ. ಮೆಮೊರಿಯಲ್ಲಿ ಅರ್ಧ ಖಾಲಿ ಇದ್ದೂ ಡಿಸ್ಕ್ ನೂರರಲ್ಲಿದ್ದರೆ ದೋಷ ಡಿಸ್ಕ್‌ನದೇ. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಫೋಟೋಶಾಪ್ ಒಳಗೂ ಒಂದು ಮೀಟರ್ ಇದೆ. ಸುಮಾರು ಜನಕ್ಕೆ ಅದು ಇದೆ ಅಂತಲೇ ಗೊತ್ತಿಲ್ಲ. ಚಿತ್ರದ ಕಿಟಕಿಯ ಎಡ ತಳದಲ್ಲಿ ಡಾಕ್ಯುಮೆಂಟ್ ಸೈಜ್ ತೋರಿಸುವ ಜಾಗ ಇದೆಯಲ್ಲ, ಅದರ ಪಕ್ಕದ ಬಾಣದ ಗುರುತು ಒತ್ತಿ, ಎಫಿಶಿಯೆನ್ಸಿ ಅಂತ ಆರಿಸಿ. ಅದು 100% ತೋರಿಸುತ್ತಿದ್ದರೆ ಕೆಲಸ ಎಲ್ಲಾ ರ‍್ಯಾಮ್‌ನಲ್ಲೇ ನಡೆಯುತ್ತಿದೆ. ಅದಕ್ಕಿಂತ ಕೆಳಗೆ ಇಳಿದರೆ ಸ್ಕ್ರ್ಯಾಚ್ ಡಿಸ್ಕ್ ಬಳಕೆಯಾಗುತ್ತಿದೆ, ಅಂದರೆ ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಡಿಸ್ಕ್ ಮೇಲೆ ಬರೆದು ಓದುತ್ತಿದೆ. ಅಡುಗೆ ಕಟ್ಟೆ ಮೇಲೆ ಜಾಗ ಸಾಲದೆ ಒಂದೊಂದು ಡಬ್ಬಿಗೂ ಅಟ್ಟ ಹತ್ತಿ ಇಳಿದ ಹಾಗೆ. ಎಫಿಶಿಯೆನ್ಸಿ 100% ಇದ್ದೂ ನಿಧಾನವೇ ಅಂದರೆ ರ‍್ಯಾಮ್ ಅಂಗಡಿ ಕಡೆ ಹೋಗಲೇಬೇಡಿ.

ಒಂದು ಶೀಟ್ ಎಷ್ಟು ರ‍್ಯಾಮ್ ತಿನ್ನುತ್ತದೆ

ಫೈಲ್ ಹತ್ತು ಎಂಬಿ ಜೆಪೆಗ್, ಅದಕ್ಯಾಕೆ ಇಷ್ಟೊಂದು ರ‍್ಯಾಮ್ ಅಂತ ಕೇಳುವವರಿದ್ದಾರೆ. ಜೆಪೆಗ್ ಅಂದರೆ ಮಡಚಿಟ್ಟ ಫೈಲ್. ಓಪನ್ ಮಾಡಿದಾಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೋ 8 ಬಿಟ್‌ನಲ್ಲಿ ಸುಮಾರು 72 ಎಂಬಿ. 16 ಬಿಟ್ ಮಾಡಿದರೆ ಅದರ ಎರಡರಷ್ಟು.

ಈಗ ಆಲ್ಬಂಗೆ ಬನ್ನಿ. ಕರಿಜ್ಮಾ ಆಲ್ಬಂನ 12 ಇಂಚು, 36 ಇಂಚು ಶೀಟ್ ತೆಗೆದುಕೊಳ್ಳಿ. 300 ಡಿಪಿಐ ಲೆಕ್ಕದಲ್ಲಿ ಅದು 3600 ಗುಣಿಸು 10800 ಪಿಕ್ಸೆಲ್. ಹತ್ತಿರ ಹತ್ತಿರ 3.9 ಕೋಟಿ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಮೂರು ಬೈಟ್ ಅಂದರೂ ಹಿನ್ನೆಲೆಯ ಒಂದೇ ಲೇಯರ್‌ಗೆ ನೂರು ಎಂಬಿ ದಾಟಿತು. ಅದರ ಮೇಲೆ ಮಂಟಪದ ಫೋಟೋ, ಧಾರೆ ಫೋಟೋ, ಆರತಕ್ಷತೆ ಫೋಟೋ, ಹೂವಿನ ಕ್ಲಿಪಾರ್ಟ್, ನೆರಳು, ಮಾಸ್ಕ್, ಹೆಸರಿನ ಡಿಸೈನ್. ಹತ್ತು ಹದಿನೈದು ಲೇಯರ್ ಆಗುವಷ್ಟರಲ್ಲಿ ಒಂದು ಜಿಬಿ ಸುಲಭವಾಗಿ ಆಗುತ್ತದೆ. ಇದರ ಮೇಲೆ ಹಿಸ್ಟರಿ ಬೇರೆ, ಅಂದರೆ ಅನ್‌ಡೂ ಮಾಡಲು ನೆನಪಿಟ್ಟುಕೊಳ್ಳುವ ಹಳೇ ಹೆಜ್ಜೆಗಳು. ಸಣ್ಣ ಬ್ರಷ್ ಗೆರೆಗೆ ಸ್ವಲ್ಪವೇ ಜಾಗ ಸಾಕು. ಇಡೀ ಶೀಟಿನ ಮೇಲೆ ಬ್ಲರ್ ಅಥವಾ ಇನ್ನೊಂದು ಫಿಲ್ಟರ್ ಹಾಕಿದರೆ ಹಳೆಯದನ್ನು ಪೂರ್ತಿ ನೆನಪಿಟ್ಟುಕೊಳ್ಳಬೇಕಲ್ಲ, ಆ ಒಂದೊಂದು ಹೆಜ್ಜೆಗೂ ಮತ್ತೆ ನೂರು ಎಂಬಿ.

ಇಂಥ ಶೀಟು ಐದಾರು ಒಟ್ಟಿಗೆ ಟ್ಯಾಬ್‌ನಲ್ಲಿ ತೆರೆದಿಟ್ಟುಕೊಳ್ಳುವುದು ನಮ್ಮ ಡಿಸೈನರ್‌ಗಳ ಅಭ್ಯಾಸ. ಪಕ್ಕದಲ್ಲಿ ಕ್ರೋಮ್‌ನಲ್ಲಿ ವಾಟ್ಸಾಪ್ ವೆಬ್, ಯೂಟ್ಯೂಬ್‌ನಲ್ಲಿ ಹಾಡು. 8 ಜಿಬಿ ಕಂಪ್ಯೂಟರ್ ಪಾಪ ಏನು ಮಾಡಬೇಕು? ಫೋಟೋಶಾಪ್‌ಗೆ 8 ಜಿಬಿ ಕನಿಷ್ಠ, 16 ಇದ್ದರೆ ಒಳ್ಳೆಯದು ಅಂತ ಅಡೋಬಿಯೇ ಹೇಳುತ್ತದೆ. ಆಲ್ಬಂ ಕೆಲಸಕ್ಕೆ ನಾನು 16ಕ್ಕಿಂತ ಕಮ್ಮಿ ಒಪ್ಪುವುದಿಲ್ಲ. ಮನೆಯ ಫೋಟೋ ಸ್ವಲ್ಪ ಬೆಳಕು ಸರಿಮಾಡಿ ಪ್ರಿಂಟ್ ಹಾಕಿಸುವವರಿಗೆ 8 ಸಾಕು.

ದುಡ್ಡು ಹಾಕುವ ಮೊದಲು ಪುಕ್ಕಟೆಯಾಗಿ ಮಾಡಬಹುದಾದದ್ದು ಇಷ್ಟಿದೆ. ಎಡಿಟ್ ಮೆನುವಿನ ಪ್ರಿಫರೆನ್ಸಸ್, ಅದರಲ್ಲಿ ಪರ್ಫಾರ್ಮೆನ್ಸ್ ತೆರೆಯಿರಿ. ಫೋಟೋಶಾಪ್ ಎಷ್ಟು ರ‍್ಯಾಮ್ ಬಳಸಬಹುದು ಅನ್ನುವುದು ಸಾಮಾನ್ಯವಾಗಿ 70% ಇರುತ್ತದೆ. 16 ಜಿಬಿ ಇದ್ದು ಬೇರೇನೂ ತೆರೆಯದೆ ಕೆಲಸ ಮಾಡುತ್ತೀರಾದರೆ 80ರವರೆಗೆ ಏರಿಸಬಹುದು. ಕೆಲವರು ನೂರಕ್ಕೇ ಎಳೆದುಬಿಡುತ್ತಾರೆ. ಆಗ ವಿಂಡೋಸ್‌ಗೇ ಉಸಿರಾಡಲು ಜಾಗ ಇರದೆ ಇನ್ನೂ ನಿಧಾನ ಆಗುತ್ತದೆ. ಅದೇ ಪುಟದಲ್ಲಿ ಹಿಸ್ಟರಿ ಸ್ಟೇಟ್ಸ್ 50 ಇರುತ್ತದೆ. ಅದನ್ನು 20ಕ್ಕೆ ಇಳಿಸಿ. ಯಾರೋ ಹೇಳಿದರು ಅಂತ 500 ಇಟ್ಟುಕೊಂಡವರನ್ನೂ ನೋಡಿದ್ದೇನೆ. ಕೆಲಸದ ಮಧ್ಯೆ ಮೆಮೊರಿ ತುಂಬಿದರೆ ಎಡಿಟ್ ಮೆನುವಿನಲ್ಲಿ ಪರ್ಜ್, ಆಲ್ ಒತ್ತಿದರೆ ಹಿಸ್ಟರಿಯೂ ಕ್ಲಿಪ್‌ಬೋರ್ಡೂ ಖಾಲಿಯಾಗುತ್ತವೆ. ಒತ್ತಿದಮೇಲೆ ಅನ್‌ಡೂ ಇರುವುದಿಲ್ಲ, ಮೊದಲು ಸೇವ್ ಮಾಡಿಕೊಳ್ಳಿ.

ಇಷ್ಟಾದರೂ ಎಫಿಶಿಯೆನ್ಸಿ ಇಳಿಯುತ್ತಲೇ ಇದ್ದರೆ ಆಗ ರ‍್ಯಾಮ್ ಹಾಕಿಸಿ, ತಪ್ಪಿಲ್ಲ. ಅಂಗಡಿಗೆ ಹೋಗುವ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಒಂದು ಫೋಟೋ ಮೊಬೈಲ್‌ನಲ್ಲಿ ಹೊಡೆದುಕೊಳ್ಳಿ. ಎರಡರಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ವೇಗ ಎಷ್ಟು ಅಂತ ಅಲ್ಲೇ ಇರುತ್ತದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಎರಡು ಸ್ಲಾಟ್ ಇದ್ದರೆ ಒಂದೇ 16ರ ಬದಲು 8ರ ಜೋಡಿ ಹಾಕಿಸುವುದು ಮೇಲು. ಎರಡೂ ಕಡೆಯಿಂದ ಓದುವುದರಿಂದ ಬೇಗ ಆಗುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗಳಲ್ಲಿ ಇದರ ಲಾಭ ಎದ್ದು ಕಾಣುತ್ತದೆ, ಯಾಕೆಂದರೆ ಅಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ.

ಡಿಸ್ಕ್: ಜಾಸ್ತಿ ಜನರ ದೋಷ ಇಲ್ಲೇ

ನಿಟುವಳ್ಳಿ ಕಡೆಯ ಒಬ್ಬ ಡಿಸೈನರ್ ಮನೆಯ ಕಂಪ್ಯೂಟರ್ ಹೇಳುತ್ತೇನೆ. ಹೊಸದಾಗಿ ರ‍್ಯಾಮ್ ಹಾಕಿಸಿ 16 ಜಿಬಿ ಮಾಡಿಸಿದ್ದರು. ಆದರೂ ಒಂದು ಪಿಎಸ್‌ಡಿ ಸೇವ್‌ಗೆ ಕೊಟ್ಟು ಒಳಗೆ ಹೋಗಿ ಟೀ ಕುಡಿದು ಬರುವ ಪರಿಸ್ಥಿತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಅರ್ಧವೂ ತುಂಬಿರಲಿಲ್ಲ. ಡಿಸ್ಕ್ ಮಾತ್ರ 100%. ಅಲ್ಲಿಗೆ ನಿಲ್ಲಬಾರದು, ಡಿಸ್ಕ್ ಮೇಲೆ ಕ್ಲಿಕ್ ಮಾಡಿ ಒಳಗಿನ ಸಂಖ್ಯೆ ನೋಡಬೇಕು. ರೈಟ್ ಸ್ಪೀಡ್, ಅಂದರೆ ಬರೆಯುವ ವೇಗ, ಸೆಕೆಂಡಿಗೆ ಎರಡು ಮೂರು ಎಂಬಿಯಲ್ಲಿ ಒದ್ದಾಡುತ್ತಿತ್ತು. ಆವರೇಜ್ ರೆಸ್ಪಾನ್ಸ್ ಟೈಮ್ ಸಾವಿರಗಟ್ಟಲೆ ಮಿಲಿಸೆಕೆಂಡ್. ಕಿವಿ ಹತ್ತಿರ ಒಯ್ದರೆ ಕ್ಯಾಬಿನೆಟ್ ಒಳಗಿಂದ ಟಿಕ್... ಟಿಕ್... ಅಂತ ಸದ್ದು.

ಆ ಸಂಖ್ಯೆಗಳ ಅರ್ಥ ಇಷ್ಟು. ಆರೋಗ್ಯವಾಗಿರುವ ಹಾರ್ಡ್ ಡಿಸ್ಕ್ ದೊಡ್ಡ ಫೈಲ್ ಒಂದನ್ನು ಸೆಕೆಂಡಿಗೆ ನೂರು ಎಂಬಿಯ ಆಸುಪಾಸಿನಲ್ಲಿ ಬರೆಯುತ್ತದೆ. ಡಿಸ್ಕ್ 100%, ವೇಗವೂ ನೂರರ ಹತ್ತಿರ ಇದ್ದರೆ ಡಿಸ್ಕ್ ಕೆಟ್ಟಿಲ್ಲ, ಅದರ ಯೋಗ್ಯತೆಯೇ ಅಷ್ಟು. ಡಿಸ್ಕ್ 100%, ವೇಗ ಮಾತ್ರ ಎರಡು ಮೂರು ಎಂಬಿ, ಅದೂ ಒಂದೇ ದೊಡ್ಡ ಫೈಲ್ ಬರೆಯುವಾಗ ಅಂದರೆ ಅನುಮಾನ ಪಡಬೇಕು. ಒಂದೊಂದು ಜಾಗವನ್ನೂ ಮತ್ತೆ ಮತ್ತೆ ಓದಲು, ಬರೆಯಲು ಒದ್ದಾಡುತ್ತಿದೆ ಅಂತ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ಹಾಕಿ ನೋಡಿ. ನೀಲಿ ಬಣ್ಣದಲ್ಲಿ ಗುಡ್ ಅಂತ ಇರಬೇಕು. ಆ ಮನೆಯ ಡಿಸ್ಕ್ ಹಳದಿ ಬಣ್ಣದಲ್ಲಿ ಕಾಷನ್ ತೋರಿಸಿತು. ಕರೆಂಟ್ ಪೆಂಡಿಂಗ್ ಸೆಕ್ಟರ್ (ಡಿಸ್ಕ್‌ಗೆ ಓದಲು ಆಗದೆ ಬಾಕಿ ಉಳಿದ ಜಾಗಗಳು) ಅನ್ನುವ ಸಾಲಿನಲ್ಲಿ ಸೊನ್ನೆ ಇರಬೇಕಾದ ಕಡೆ ಬೇರೆ ಸಂಖ್ಯೆ ಕೂತಿತ್ತು.

ಹಾಗೆ ಕಂಡರೆ ಸ್ಪೀಡ್ ವಿಚಾರ ಮರೆತುಬಿಡಿ. ಮೊದಲು ಗ್ರಾಹಕರ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿ. ಡಿಫ್ರಾಗ್ ಮಾಡುವುದು, ಚೆಕ್ ಡಿಸ್ಕ್ ಓಡಿಸುವುದು ಎಲ್ಲಾ ಆಮೇಲೆ. ಸಾಯುತ್ತಿರುವ ಡಿಸ್ಕ್‌ಗೆ ಅಷ್ಟು ಹೊತ್ತು ಕೆಲಸ ಕೊಟ್ಟರೆ ಅದು ಅಲ್ಲೇ ನಿಂತುಹೋಗಬಹುದು. ಬೇರೆಯವರ ಮದುವೆ ಮತ್ತೆ ಶೂಟ್ ಮಾಡಲು ಆಗುವುದಿಲ್ಲವಲ್ಲ.

ಡಿಸ್ಕ್ ಚೆನ್ನಾಗಿದ್ದರೂ ಅದು ಹಾರ್ಡ್ ಡಿಸ್ಕ್ ಆಗಿದ್ದರೆ, ನನ್ನ ಸಲಹೆ ಒಂದೇ: ಎಸ್‌ಎಸ್‌ಡಿ ಹಾಕಿಸಿ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನ ಕೇಬಲ್‌ಗೇ ಸಿಕ್ಕಿಸುವಂಥದ್ದು) ಸೆಕೆಂಡಿಗೆ 500 ಎಂಬಿಯಷ್ಟು ಓದುತ್ತದೆ. ಸಣ್ಣ ಸಣ್ಣ ಫೈಲ್‌ಗಳನ್ನು ಅಲ್ಲಲ್ಲಿಂದ ಹುಡುಕಿ ಓದುವ ಕೆಲಸದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು, ಯಾಕೆಂದರೆ ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ. ಹತ್ತು ವರ್ಷ ಹಳೆಯ ಕಂಪ್ಯೂಟರ್‌ಗೂ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಅದಕ್ಕಿಂತಲೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಬೇಕಿದ್ದರೆ ಬೋರ್ಡ್‌ನಲ್ಲಿ ಅದಕ್ಕೆ ಜಾಗ ಇದೆಯಾ ಅಂತ ಮೊದಲು ನೋಡಬೇಕು. ಅದು ಕೂರುವ ಎಂ.2 ಸ್ಲಾಟ್ ಇದ್ದಮಾತ್ರಕ್ಕೆ ಎನ್‌ವಿಎಂಇ ಓಡುತ್ತದೆ ಅಂತಲ್ಲ, ಕೆಲವು ಬೋರ್ಡ್‌ಗಳ ಎಂ.2ನಲ್ಲಿ ಸಾಟಾ ಮಾತ್ರ ಓಡುತ್ತದೆ.

ಈಗಾಗಲೇ ಎಸ್‌ಎಸ್‌ಡಿ ಇದೆ, ಆದರೂ ನಿಧಾನ ಅನ್ನುವವರು ಎರಡು ಕಡೆ ನೋಡಿ. ಒಂದು, ಪ್ರಿಫರೆನ್ಸಸ್‌ನ ಸ್ಕ್ರ್ಯಾಚ್ ಡಿಸ್ಕ್ಸ್. ವಿಂಡೋಸ್ ಎಸ್‌ಎಸ್‌ಡಿಯಲ್ಲಿದ್ದು ಸ್ಕ್ರ್ಯಾಚ್ ಹಳೇ ಹಾರ್ಡ್ ಡಿಸ್ಕ್‌ನ ಡಿ ಡ್ರೈವ್‌ಗೆ ಟಿಕ್ ಆಗಿದ್ದರೆ ಎಸ್‌ಎಸ್‌ಡಿ ಇದ್ದೂ ಉಪಯೋಗವಿಲ್ಲ. ಎರಡು, ಸಿ ಡ್ರೈವ್‌ನಲ್ಲಿ ಎಷ್ಟು ಖಾಲಿ ಇದೆ? ಎಸ್‌ಎಸ್‌ಡಿ ಪೂರ್ತಿ ತುಂಬಿದರೆ ಅದೂ ತೆವಳುತ್ತದೆ. ಐದರಲ್ಲಿ ಒಂದು ಪಾಲು ಖಾಲಿ ಇಟ್ಟುಕೊಳ್ಳಿ. ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್ ಅಂತ ಎಚ್ಚರಿಕೆ ಬಂದವರ ಡೆಸ್ಕ್‌ಟಾಪ್ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಮದುವೆ, ನಾಮಕರಣ, ಗೃಹಪ್ರವೇಶದ ಫೋಲ್ಡರ್‌ಗಳು ವಾಲ್‌ಪೇಪರ್ ಕಾಣದಷ್ಟು ತುಂಬಿರುತ್ತವೆ. ಡೆಸ್ಕ್‌ಟಾಪ್‌ನಲ್ಲಿದ್ದದ್ದೆಲ್ಲ ಸಿ ಡ್ರೈವ್‌ನಲ್ಲೇ ಇರುವುದು. ಅದರ ಮೇಲೆ ಒನ್‌ಡ್ರೈವ್ ಆನ್ ಇದ್ದರೆ ಆ ಫೋಲ್ಡರ್‌ಗಳನ್ನೆಲ್ಲ ಇಂಟರ್ನೆಟ್‌ಗೆ ಏರಿಸಲು ಹಿಂದಿನಿಂದ ಓದುತ್ತಲೇ ಇರುತ್ತದೆ. ಕೆಲಸ ಮುಗಿಯುವವರೆಗೆ ಅದನ್ನು ಪಾಜ್ ಮಾಡಿ ನಿಲ್ಲಿಸಿಡಿ.

ಪೆನ್‌ಡ್ರೈವ್‌ನಿಂದ, ಮೆಮೊರಿ ಕಾರ್ಡ್‌ನಿಂದ ನೇರವಾಗಿ ಫೈಲ್ ಓಪನ್ ಮಾಡಿ ಎಡಿಟ್ ಮಾಡುವುದು ಇನ್ನೊಂದು. ಯುಎಸ್‌ಬಿ 2 ಪೋರ್ಟ್‌ನಲ್ಲಿ ಎಂಥ ಡ್ರೈವ್ ಹಾಕಿದರೂ ಸೆಕೆಂಡಿಗೆ 30-40 ಎಂಬಿಗಿಂತ ಮೇಲೆ ಹೋಗುವುದು ಕಷ್ಟ. ಡೆಸ್ಕ್‌ಟಾಪ್‌ಗಳಲ್ಲಿ ಮುಂದಿನ ಪೋರ್ಟ್ ಎಷ್ಟೋ ಸಲ ಯುಎಸ್‌ಬಿ 2 ಆಗಿರುತ್ತದೆ. ಒಳಗಡೆ ನೀಲಿ ಬಣ್ಣ ಇರುವ ಪೋರ್ಟ್ ಸಾಮಾನ್ಯವಾಗಿ ಯುಎಸ್‌ಬಿ 3. ಎಕ್ಸ್‌ಟರ್ನಲ್ ಡಿಸ್ಕನ್ನು ಅಲ್ಲಿಗೆ ಬದಲಿಸಿ. ಅದಕ್ಕಿಂತ ಒಳ್ಳೆಯದು, ಕೆಲಸದ ಫೋಲ್ಡರನ್ನು ಎಸ್‌ಎಸ್‌ಡಿಗೆ ಕಾಪಿ ಮಾಡಿ, ಎಡಿಟ್ ಮಾಡಿ, ಮುಗಿದಮೇಲೆ ವಾಪಸ್ ಹಾಕಿ.

ಗ್ರಾಫಿಕ್ಸ್ ಇದೆ, ಕೆಲಸ ಮಾಡುತ್ತಿಲ್ಲ

ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಬಿಚ್ಚಿ ನೋಡಿ. ಅಲ್ಲಿ ಕಾರ್ಡ್‌ನ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೆ ಡ್ರೈವರೇ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಫೋಟೋಶಾಪ್ ನಿಧಾನ ಆಯಿತು ಅನ್ನುವವರಲ್ಲಿ ಇದನ್ನೇ ಮೊದಲು ನೋಡಬೇಕು. ಕಾರ್ಡ್ ತಯಾರಿಸಿದವರ ಸೈಟ್‌ನಿಂದಲೇ ಡ್ರೈವರ್ ಇಳಿಸಿ. ಎನ್‌ವಿಡಿಯಾ ಕಾರ್ಡ್ ಇದ್ದರೆ ಗೇಮ್ ರೆಡಿ ಬದಲು ಸ್ಟುಡಿಯೋ ಡ್ರೈವರ್ ಹಾಕಿ.

ಇನ್ನೊಂದು ನಗು ಬರುವ ಕಾರಣ. ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್, ಆದರೆ ಮಾನಿಟರ್ ಕೇಬಲ್ ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಚುಚ್ಚಿರುತ್ತದೆ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಕೇಬಲ್ ಬಿಚ್ಚಿ ಹಾಕಿದಮೇಲೆ ಹೀಗಾಗುವುದುಂಟು. ಹಿಂದೆ ತಿರುಗಿಸಿ ನೋಡಿ, ಅಡ್ಡಡ್ಡ ಇರುವ ಕಾರ್ಡ್‌ನ ಪೋರ್ಟ್‌ಗೆ ಹಾಕಿ.

ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ, ಗ್ರಾಫಿಕ್ಸ್ ವಿಭಾಗದಲ್ಲಿ ಫೋಟೋಶಾಪ್‌ಗೆ ಹೈ ಪರ್ಫಾರ್ಮೆನ್ಸ್ ಆರಿಸಿ. ಫೋಟೋಶಾಪ್ ಪ್ರಿಫರೆನ್ಸಸ್‌ನಲ್ಲೂ ಯೂಸ್ ಗ್ರಾಫಿಕ್ಸ್ ಪ್ರೊಸೆಸರ್ ಟಿಕ್ ಇದೆಯಾ ನೋಡಿ. ಬ್ರಷ್ ಎಳೆದಾಗ ಪರದೆಯೇ ಮಿನುಗಿದರೆ, ಕಪ್ಪು ಚೌಕ ಮೂಡಿದರೆ ಆ ಟಿಕ್ ತೆಗೆದು ಒಮ್ಮೆ ಪರೀಕ್ಷಿಸಿ. ತೆಗೆದಾಗ ಸರಿಹೋದರೆ ಡ್ರೈವರ್ ಬದಲಿಸಬೇಕು ಅಂತ ಅರ್ಥ, ಟಿಕ್ ತೆಗೆದೇ ಬದುಕಬೇಕು ಅಂತಲ್ಲ.

ಬಿಸಿಲು, ಧೂಳು, ಮಂಡಕ್ಕಿ ಭಟ್ಟಿ

ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ಶೀಟಿನ ಮನೆಯೊಳಗೆ ಮಧ್ಯಾಹ್ನ ಕೂತವರಿಗೆ ಹೇಳಬೇಕಾಗಿಲ್ಲ. ಮನುಷ್ಯರಿಗೇ ಹಾಗಾದರೆ ಪ್ರೊಸೆಸರ್ ಗತಿ? ಅದು ಒಂದು ಮಿತಿ ಮುಟ್ಟಿದ ಮೇಲೆ, ಎಷ್ಟೋ ಇಂಟೆಲ್ ಚಿಪ್‌ಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್, ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಎರರ್ ಏನೂ ಬರುವುದಿಲ್ಲ, ಬರೀ ತೆವಳುತ್ತದೆ.

ಕಂಡುಹಿಡಿಯುವುದು ಸುಲಭ. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ಬೇಸ್ ಸ್ಪೀಡ್ ಅಂತ ಒಂದು ಸಂಖ್ಯೆ, ಸ್ಪೀಡ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಫೋಟೋಶಾಪ್‌ನಲ್ಲಿ ಭಾರದ ಫಿಲ್ಟರ್ ಓಡುವಾಗ ಸ್ಪೀಡ್ ಬೇಸ್‌ಗಿಂತ ಮೇಲಿರಬೇಕು. ಬೇಸ್ 2.9 ಇದ್ದು ಸ್ಪೀಡ್ ಒಂದರ ಆಸುಪಾಸಿಗೆ ಬಿದ್ದಿದ್ದರೆ ಶಾಖವೇ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಸಿಕ್ಕಿಸಿದೆಯಾ, ಪವರ್ ಮೋಡ್‌ನಲ್ಲಿ ಬ್ಯಾಟರಿ ಉಳಿಸುವುದು ಆನ್ ಇದೆಯಾ ಅಂತಲೂ ನೋಡಿ. ಅದಕ್ಕೂ ಹೀಗೇ ಆಗುತ್ತದೆ. ಡಿಗ್ರಿ ಲೆಕ್ಕ ಬೇಕಿದ್ದರೆ ಎಚ್‌ಡಬ್ಲ್ಯೂ ಮಾನಿಟರ್ ಅನ್ನುವ ಸಾಫ್ಟ್‌ವೇರ್ ಸಾಕು.

ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ಇರುವವರ ಕ್ಯಾಬಿನೆಟ್ ಬಿಚ್ಚಿದರೆ ಧೂಳು ಬೇರೆ ತರ ಇರುತ್ತದೆ. ಒಣ ಧೂಳಲ್ಲ. ಹೊಗೆಯ ಜಿಡ್ಡು ಸೇರಿ ಕಪ್ಪಗೆ, ಫ್ಯಾನ್ ರೆಕ್ಕೆಗೆ ಮೆತ್ತಿಕೊಂಡಿರುತ್ತದೆ. ಫ್ಯಾನ್ ಕೆಳಗೆ ಹೀಟ್‌ಸಿಂಕ್‌ನ ತೆಳು ತಗಡುಗಳ ಸಂದು ಪೂರ್ತಿ ಕಂಬಳಿ ಹೊದಿಸಿದಷ್ಟು ಮುಚ್ಚಿರುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ಚೆನ್ನಾಗೇ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಬ್ಲೋವರ್ ಒಂದೇ ಹೊಡೆದರೆ ಇದು ಬರುವುದಿಲ್ಲ. ಕರೆಂಟ್ ಪ್ಲಗ್ ಕಿತ್ತು, ಫ್ಯಾನ್ ಬಿಚ್ಚಿಕೊಂಡು, ಒಣ ಬ್ರಷ್‌ನಿಂದ ಸಂದುಗಳನ್ನು ಉಜ್ಜಿ ತೆಗೆಯಬೇಕು. ಬ್ಲೋವರ್ ಹೊಡೆಯುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಎತ್ತಿದಿರಾದರೆ ಹಳೇ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಕೈ ಅಭ್ಯಾಸ ಇಲ್ಲದಿದ್ದರೆ ಲ್ಯಾಪ್‌ಟಾಪ್ ಮಾತ್ರ ನೀವೇ ಬಿಚ್ಚಲು ಹೋಗಬೇಡಿ.

ಚಿತ್ರದುರ್ಗದವರಿಗೆ ಹೊಗೆಗಿಂತ ಗಾಳಿಯ ಕಾಟ. ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಇರುವ ಊರು. ಕಿಟಕಿ ಪಕ್ಕ ನೆಲದ ಮೇಲೆ ಕ್ಯಾಬಿನೆಟ್ ಇಟ್ಟರೆ ಸಣ್ಣ ಮಣ್ಣು ಬೇಗ ತುಂಬುತ್ತದೆ. ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಧೂಳು ಬೀಳದಿರಲಿ ಅಂತ ಕ್ಯಾಬಿನೆಟ್‌ಗೆ ಬಟ್ಟೆ ಹೊದಿಸಿ ಆನ್ ಮಾಡುವವರೂ ಇದ್ದಾರೆ. ದಯವಿಟ್ಟು ಬೇಡ.

ಓಪನ್ ಆಗುವುದೇ ತಡವಾದರೆ

ಕನ್ನಡದಲ್ಲಿ ಡಿಸೈನ್ ಮಾಡುವವರ ಕಂಪ್ಯೂಟರ್‌ನಲ್ಲಿ ಫಾಂಟ್‌ಗಳ ರಾಶಿಯೇ ಇರುತ್ತದೆ. ನುಡಿ, ಬರಹ, ಶ್ರೀಲಿಪಿ, ಜೊತೆಗೆ ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಸಾವಿರಾರು ಇಂಗ್ಲಿಷ್ ಫಾಂಟ್. ಫೋಟೋಶಾಪ್ ಅವನ್ನೆಲ್ಲ ಓದಬೇಕು. ಫಾಂಟ್ ಪಟ್ಟಿ ತೆರೆದಾಗ ಒಂದೊಂದರ ಮಾದರಿಯನ್ನೂ ತೋರಿಸಬೇಕು. ಟೈಪ್ ಮೆನುವಿನಲ್ಲಿ ಫಾಂಟ್ ಪ್ರಿವ್ಯೂ ಸೈಜ್ ಅನ್ನು ನನ್ (None) ಮಾಡಿ, ಪಟ್ಟಿ ತಕ್ಷಣ ತೆರೆಯುತ್ತದೆ. ವರ್ಷಗಟ್ಟಲೆ ಮುಟ್ಟದ ಫಾಂಟ್‌ಗಳನ್ನು ಬೇರೆ ಫೋಲ್ಡರ್‌ಗೆ ತೆಗೆದಿಟ್ಟು, ಬೇಕಾದಾಗ ಹಾಕಿಕೊಳ್ಳಿ.

ಪ್ಲಗಿನ್ ಅನುಮಾನ ಇದ್ದರೆ ಶಿಫ್ಟ್ ಒತ್ತಿ ಹಿಡಿದು ಫೋಟೋಶಾಪ್ ಓಪನ್ ಮಾಡಿ. ಬೇರೆ ಕಂಪನಿಗಳ ಪ್ಲಗಿನ್ ಲೋಡ್ ಮಾಡದೆ ಬಿಡಬೇಕಾ ಅಂತ ಕೇಳುತ್ತದೆ, ಹೌದು ಅನ್ನಿ. ಹಾಗೆ ತೆರೆದಾಗ ಬೇಗ ಆದರೆ ಕಳ್ಳ ಸಿಕ್ಕ. ಏನೇ ಮಾಡಿದರೂ ವಿಚಿತ್ರವಾಗಿ ಆಡುತ್ತಿದ್ದರೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದು ಓಪನ್ ಮಾಡಿ ಸೆಟ್ಟಿಂಗ್ಸ್ ಅಳಿಸಬಹುದು. ನಿಮ್ಮ ಆಕ್ಷನ್‌ಗಳನ್ನು ಮೊದಲು ಸೇವ್ ಮಾಡಿಟ್ಟುಕೊಂಡಿರಿ.

ಕ್ರ್ಯಾಕ್ ಕಾಪಿ ಬಗ್ಗೆ ಒಂದು ಮಾತು. ಯಾವ ಕೆಲಸವೂ ಮಾಡದೆ ಸುಮ್ನೆ ಬಿಟ್ಟಾಗಲೂ ಸಿಪಿಯು ಅಥವಾ ಜಿಪಿಯು ಎತ್ತರದಲ್ಲೇ ಇದ್ದು, ಟಾಸ್ಕ್ ಮ್ಯಾನೇಜರ್ ತೆರೆದ ತಕ್ಷಣ ಇಳಿದುಬಿಟ್ಟರೆ, ಆ ಕ್ರ್ಯಾಕ್ ಜೊತೆ ಬೇರೆಯವರಿಗಾಗಿ ಕಾಯಿನ್ ಮೈನಿಂಗ್ ಮಾಡುವ ಸಾಫ್ಟ್‌ವೇರ್ ಒಳಗೆ ಬಂದಿರುವ ಸಾಧ್ಯತೆ ಇದೆ. ಅದಕ್ಕೆ ಸೆಟ್ಟಿಂಗ್ಸ್ ಬದಲಿಸಿ ಪ್ರಯೋಜನವಿಲ್ಲ. ವಿಂಡೋಸ್ ಹೊಸದಾಗಿ ಹಾಕುವುದೇ ದಾರಿ. ಹಾಗೆಯೇ ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಒಂದೊಂದು ಫೈಲನ್ನೂ ಇಬ್ಬರೂ ತಡೆದು ನೋಡುತ್ತಾರೆ.

ಲೈಟ್‌ರೂಮ್, ಗಿಂಪ್

ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಹಕ್ಕಿ ಫೋಟೋ ತೆಗೆದು ಬರುವವರ ಕಷ್ಟ ಬೇರೆ. ಒಂದು ಬಕಪಕ್ಷಿ ಹಾರಿದ್ದಕ್ಕೆ ಒಂದೇ ತರದ ಐವತ್ತು ರಾ ಫೈಲ್. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಲೋಡಿಂಗ್ ಅಂತ ಬರುತ್ತಲೇ ಇರುತ್ತದೆ. ಇಂಪೋರ್ಟ್ ಮಾಡುವಾಗಲೇ ಸ್ಮಾರ್ಟ್ ಪ್ರಿವ್ಯೂ ಮಾಡಿಸಿ. ಅವು ಉದ್ದದ ಬದಿಯಲ್ಲಿ 2560 ಪಿಕ್ಸೆಲ್ ಮಾತ್ರ ಇರುವ ಹಗುರ ಪ್ರತಿಗಳು. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್‌ನಲ್ಲಿ ಎಡಿಟಿಂಗ್‌ಗೆ ಅಸಲಿಯ ಬದಲು ಅವನ್ನೇ ಬಳಸಲು ಹೇಳುವ ಟಿಕ್ ಇದೆ. ಫೋಕಸ್ ಸರಿ ಇದೆಯಾ ಅಂತ ಜೂಮ್ ಮಾಡಿ ನೋಡಲು ಮಾತ್ರ ಒನ್ ಟು ಒನ್ ಪ್ರಿವ್ಯೂ ಬೇಕಾಗುತ್ತದೆ. ಅಲ್ಲೇ ಕ್ಯಾಮೆರಾ ರಾ ಕ್ಯಾಶ್ 5 ಜಿಬಿ ಇರುತ್ತದೆ, ಜಾಗ ಇದ್ದರೆ 20 ಮಾಡಿ. ಲೈಟ್‌ರೂಮ್ ತನ್ನ ಲೆಕ್ಕ ಬರೆದಿಡುವ ಕ್ಯಾಟಲಾಗ್ ಫೈಲ್ ಎಸ್‌ಎಸ್‌ಡಿಯಲ್ಲಿರಲಿ, ಫೋಟೋಗಳು ಹಾರ್ಡ್ ಡಿಸ್ಕ್‌ನಲ್ಲಿದ್ದರೂ ನಡೆಯುತ್ತದೆ. ಫೈಲ್ ಮೆನುವಿನ ಆಪ್ಟಿಮೈಸ್ ಕ್ಯಾಟಲಾಗ್ ಆಗಾಗ ಒತ್ತಿ.

ಗಿಂಪ್ ಬಳಸುವವರು ಪ್ರಿಫರೆನ್ಸಸ್‌ನ ಸಿಸ್ಟಂ ರಿಸೋರ್ಸಸ್‌ನಲ್ಲಿ ಟೈಲ್ ಕ್ಯಾಶ್ ಸೈಜ್ ನೋಡಿ. ನಿಮ್ಮ ರ‍್ಯಾಮ್‌ನ ಅರ್ಧದಷ್ಟು ಇಟ್ಟರೆ ಸರಿ.

ಬದಲಾಯಿಸಿದ ಮೇಲೆ ಅಳೆಯಿರಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು. ಒಂದು ಹಳೇ ಆಲ್ಬಂ ಶೀಟ್ ಆರಿಸಿಟ್ಟುಕೊಳ್ಳಿ. ಅದನ್ನು ಓಪನ್ ಮಾಡಲು, ಅದರ ಮೇಲೆ ಒಂದೇ ಅಳತೆಯ ಗಾಸಿಯನ್ ಬ್ಲರ್ ಹಾಕಲು, ಬೇರೆ ಹೆಸರಲ್ಲಿ ಸೇವ್ ಮಾಡಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ನೋಡಿ ಬರೆದಿಡಿ. ಬದಲಾಯಿಸಿದಮೇಲೆ ಕಂಪ್ಯೂಟರ್ ರಿಸ್ಟಾರ್ಟ್ ಮಾಡಿ ಅದೇ ಶೀಟ್, ಅದೇ ಬ್ಲರ್, ಅದೇ ಸೇವ್.

ಅಂಗಡಿಯಲ್ಲೂ ಇದೇ ಶೀಟ್ ಕೆಲಸಕ್ಕೆ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ಒಯ್ದು, ರ‍್ಯಾಮ್ ಅಥವಾ ಎಸ್‌ಎಸ್‌ಡಿ ಹಾಕಿದಮೇಲೆ ಕಂಪ್ಯೂಟರ್‌ಗೆ ಕಾಪಿ ಮಾಡಿ ಅವರ ಎದುರಿಗೇ ತೆರೆದು ತೋರಿಸಿ ಅನ್ನಿ. ಬಿಲ್ ಕೊಡುವುದು ಆಮೇಲೆ.